ಫೋಟೋ ಅಕ್ಕನ ಬೀದಿ ಹಸಿರಾದ ಕಥೆ

ದಯೆಗೂ ಗಾಡಿ ನಿಲ್ಲಿಸಲು ಜಾಗ ಬೇಕು. ಆ ಬೀದಿಯಲ್ಲಿ ಅಂಥ ಜಾಗ ಇದ್ದದ್ದು ಮೊದಲ ಮನೆಯ ಮುಂದೆ ಮಾತ್ರ. ಅಲ್ಲಿಂದಾಚೆ ಬೀದಿ ಒಂದು ಮಾರಿನಷ್ಟಕ್ಕೆ ಕುಗ್ಗುತ್ತಿತ್ತು. ನಡುವೆ ಹರಿಯುವ ಬಚ್ಚಲ ನೀರಿನಲ್ಲಿ ಕಲ್ಲಿಂದ ಕಲ್ಲಿಗೆ ಹೆಜ್ಜೆ ಇಡುತ್ತ ಹೋಗಬೇಕಿತ್ತು. ಬಡತನ ನೋಡಲು ಬಂದವರು ಎಷ್ಟೇ ಕರುಣಾಳುಗಳಾದರೂ ಅವರ ಕಾಲಿನ ಬೂಟಿಗೆ ಆ ಕರುಣೆ ಇರಲಿಲ್ಲ. ಹೀಗಾಗಿ ಬಂದ ಉಪಕಾರವೆಲ್ಲ ಮೊದಲ ಮನೆಯಲ್ಲೇ ಇಳಿದು, ಅಲ್ಲೇ ಒಂದು ಫೋಟೋ ತೆಗೆಸಿಕೊಂಡು, ಅಲ್ಲಿಂದಲೇ ವಾಪಸಾಗುತ್ತಿತ್ತು. ಒಳಗಿನ ನಲವತ್ತು ಮನೆಗಳ ಕಷ್ಟಸುಖವನ್ನು ಮೊದಲ ಮನೆಯ ಹೆಂಗಸೊಬ್ಬಳೇ ಮುಖದ ಮೇಲೆ ತೋರಿಸಬೇಕಾಯಿತು. ಅವಳಿಗೆ ಫೋಟೋ ಅಕ್ಕ ಎಂಬ ಹೆಸರು ಬಿದ್ದದ್ದು ಹೀಗೆ.

ಹನ್ನೆರಡು ವರ್ಷಗಳಲ್ಲಿ ಅವಳ ಮನೆಗೆ ಏನೇನು ಬಂತು ಎಂದು ಹೇಳಹೊರಟರೆ ಕೇಳುವವರಿಗೆ ಹೊಟ್ಟೆಕಿಚ್ಚಾದೀತು. ಹೊಗೆಯಿಲ್ಲದ ಒಲೆಗಳು ಮೂರು. ಮೊದಲನೆಯದರಲ್ಲಿ ಹೊಗೆ ನಿಜಕ್ಕೂ ಇರಲಿಲ್ಲ, ಬೆಂಕಿಯೂ ಹತ್ತುತ್ತಿರಲಿಲ್ಲ. ಅವಳ ಅತ್ತೆ ಅದರೊಳಗೆ ಈರುಳ್ಳಿ ಇಡುತ್ತಿದ್ದಳು. ನೀರು ಸೋಸುವ ಡಬ್ಬಿಗಳು ಎರಡು. ಅವುಗಳ ಜತೆ ಪುಸ್ತಕ, ಬ್ರಷ್ಷು, ಬದಲಿ ಕ್ಯಾಂಡಲ್ಲು ಎಲ್ಲ ಬಂದಿತ್ತು, ಸೋಸಲಿಕ್ಕೆ ನೀರೊಂದು ಬಂದಿರಲಿಲ್ಲ. ಗೋಡೆಯ ಮೇಲೆ ಕೈ ತೊಳೆಯುವ ಏಳು ಹಂತಗಳ ಚಿತ್ರ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ," ಎಂದು ಅತ್ತೆ ಆ ಚಿತ್ರವನ್ನು ನೋಡಿದಾಗಲೆಲ್ಲ ಹೇಳುತ್ತಿದ್ದಳು. ಅವಳಿಗೆ ಎಪ್ಪತ್ತು ದಾಟಿತ್ತು. ಹಲ್ಲುಗಳು ಹೋಗಿದ್ದವು, ನಾಲಿಗೆ ಮಾತ್ರ ಹೊಸದರಂತೆಯೇ ಇತ್ತು.

ಎಲ್ಲಕ್ಕಿಂತ ಮೇಲಿನದು ನಲ್ಲಿ. ಮೂರು ವರ್ಷದ ಹಿಂದೆ ಮನೆಮನೆಗೆ ನಲ್ಲಿ ಹಾಕಿಸುವ ಗುತ್ತಿಗೆದಾರ ಬಂದು ಬೀದಿಗೆಲ್ಲ ಪೈಪು ಹೂತು, ನಲವತ್ತೊಂದು ನಲ್ಲಿ ನಿಲ್ಲಿಸಿದ. ಪೈಪಿನ ಇನ್ನೊಂದು ತುದಿ ಎಲ್ಲಿಗೆ ಸೇರಬೇಕು ಎಂಬ ವಿಚಾರ ಬೇರೆ ಗುತ್ತಿಗೆದಾರನದಂತೆ, ಆ ಪುಣ್ಯಾತ್ಮ ಇನ್ನೂ ಹುಟ್ಟಿರಲಿಲ್ಲ. ಆದರೆ ಉದ್ಘಾಟನೆ ನಿಲ್ಲುವುದುಂಟೆ? ಗುತ್ತಿಗೆದಾರ ಫೋಟೋ ಅಕ್ಕನ ಮಾಡಿನ ಮೇಲೆ ಒಂದು ತಗಡಿನ ಡಬ್ಬ ಇಡಿಸಿ, ಅದಕ್ಕೊಂದು ರಬ್ಬರ್ ಕೊಳವೆ ಸಿಕ್ಕಿಸಿ, ಗೋಡೆಯ ಹಿಂದಿನಿಂದ ನಲ್ಲಿಗೆ ಜೋಡಿಸಿದ. ಎರಡು ಕೊಡ ನೀರು ಹುಯ್ದರೆ ನಲ್ಲಿ ಒಂದರಿಂದ ಮೂವತ್ತು ಎಣಿಸುವಷ್ಟು ಹೊತ್ತು ಹರಿಯುತ್ತಿತ್ತು. ಗಣ್ಯರು ಕೈ ಒಡ್ಡಿದರು, ಚಪ್ಪಾಳೆ ಬಿತ್ತು, ಎಲ್ಲರೂ ಗಾಡಿ ಹತ್ತಿದರು. ಡಬ್ಬ ಮಾಡಿನ ಮೇಲೇ ಉಳಿಯಿತು. ಬಂದವರ ಮನಸ್ಸು ಮುರಿಯಬಾರದೆಂದು ಫೋಟೋ ಅಕ್ಕ ಆಮೇಲೂ ಅದರಲ್ಲಿ ಎರಡು ಕೊಡ ನೀರು ತುಂಬಿಡುತ್ತಿದ್ದಳು.

ನೀರಿನ ಬೆಲೆ ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಬಸ್ ನಿಲ್ದಾಣದ ಎದುರಿನ ವಸತಿಗೃಹದ ಹೊದಿಕೆ, ದಿಂಬಿನ ಚೀಲಗಳನ್ನು ಒಗೆಯುವುದೇ ಅವಳ ಹೊಟ್ಟೆಪಾಡು. ಗಂಡ ದೂರದ ಲಾರಿಗಳಲ್ಲಿ ದುಡಿಯುವವನು, ಎರಡು ತಿಂಗಳಿಗೊಮ್ಮೆ ಬಂದು ಮೂರು ದಿನ ಮಲಗಿ ಹೋಗುತ್ತಿದ್ದ. ಮನೆಯ ಹಿಂದೆ ಕಾಲುವೆ ಇತ್ತು. ಅವಳು ಮದುವೆಯಾಗಿ ಬಂದಾಗ ಅದರಲ್ಲೇ ಒಗೆಯುತ್ತಿದ್ದಳು, ಅದರ ನೀರನ್ನೇ ಕುಡಿಯುತ್ತಿದ್ದಳು. ಮೇಲ್ಗಡೆ ಬಣ್ಣದ ಕಾರ್ಖಾನೆ ಬಂದ ಮೇಲೆ ಕಾಲುವೆ ಸೋಮವಾರ ಕೆಂಪಗೆ, ಗುರುವಾರ ನೀಲಿಯಾಗಿ ಹರಿಯತೊಡಗಿತು. ಕಾರ್ಖಾನೆಯವರೂ ಸುಮ್ಮನೆ ಕೂರಲಿಲ್ಲ. ತಮ್ಮ ಕಾಂಪೌಂಡ್ ಗೋಡೆಯ ಮೇಲೆ ದೊಡ್ಡದೊಂದು ಮರ, ಅದರಡಿ ಜಿಂಕೆ, ಜಿಂಕೆಯ ಮುಂದೆ ತಿಳಿನೀರಿನ ಕೊಳ ಬರೆಸಿದರು.

ಆಮೇಲಿಂದ ಬೀದಿಯ ಜೀವ ಟ್ಯಾಂಕರಿನಲ್ಲಿತ್ತು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಟ್ಯಾಂಕರ್ ಬಂದು ಮೊದಲ ಮನೆಯ ಮುಂದೆ ನಿಲ್ಲುತ್ತಿತ್ತು. ಮನೆಗೆ ಎಂಟು ಕೊಡ. ಪೈಪು ಹಿಡಿದು ನಿಲ್ಲುವ ಕೆಲಸ ಫೋಟೋ ಅಕ್ಕನದು, ಆದ್ದರಿಂದ ಅವಳಿಗೆ ಹೆಚ್ಚಿಗೆ ಹತ್ತು ಕೊಡ. ಹೊದಿಕೆಗಳು ಬೆಳ್ಳಗಾಗುತ್ತಿದ್ದದ್ದು ಆ ಹತ್ತು ಕೊಡದಿಂದ. ಪಕ್ಕದ ಮನೆಯ ಟೈಲರಮ್ಮ ಮಾತ್ರ ಇದಕ್ಕೆ ಗೊಣಗುತ್ತಿದ್ದಳು, ಗೊಣಗುತ್ತಲೇ ತನ್ನ ಒಂಬತ್ತನೇ ಕೊಡ ಮುಂದಿಡುತ್ತಿದ್ದಳು.

ಇಷ್ಟು ವರ್ಷಗಳ ಅನುಭವದಿಂದ ಫೋಟೋ ಅಕ್ಕ ಒಂದು ಶಾಸ್ತ್ರವನ್ನೇ ಕಟ್ಟಿಕೊಂಡಿದ್ದಳು. ಜಗತ್ತಿನಲ್ಲಿ ಬರುವವರು ಎರಡೇ ಜಾತಿ: ಮೊದಲಿನವರು, ಆಮೇಲಿನವರು. ಮೊದಲಿನವರು ಕೊಡುವುದಕ್ಕೆ ಮುಂಚೆ ಬರುತ್ತಾರೆ. ಅವರ ಕೈಯಲ್ಲಿ ಕಾಗದದ ಕಟ್ಟು, ಹಣೆಯಲ್ಲಿ ಗಂಟು, ಮಾತು ಮೆಲ್ಲಗೆ. ಅವರಿಗೆ ಏನೂ ಇಲ್ಲ ಎನ್ನಬೇಕು. ಆಮೇಲಿನವರು ಕೊಟ್ಟಾದ ಮೇಲೆ ಬರುತ್ತಾರೆ. ಅವರ ಕೈಯಲ್ಲಿ ಕ್ಯಾಮೆರಾ, ಮುಖದಲ್ಲಿ ನಗು, ಜತೆಗೊಂದು ಸೋಪಿನ ಡಬ್ಬಿ. ಅವರಿಗೆ ಎಲ್ಲ ಸರಿಹೋಯಿತು ಎನ್ನಬೇಕು. ಮೊದಲಿನವರ ಮುಂದೆ ನಕ್ಕರೆ ಸಿಗುವುದು ತಪ್ಪುತ್ತದೆ, ಆಮೇಲಿನವರ ಮುಂದೆ ಅತ್ತರೆ ಮುಂದಿನದು ತಪ್ಪುತ್ತದೆ. ಅತ್ತೆಯೂ ಇದರಲ್ಲಿ ಪಳಗಿದ್ದಳು. ಗಾಡಿಯ ಬಾಗಿಲು ತೆರೆದ ಸದ್ದಾದರೆ, "ಏನೇ, ಕೆಮ್ಲೋ ಬೇಡ್ವೋ?" ಎಂದು ಒಳಗಿನಿಂದ ಕೇಳುತ್ತಿದ್ದಳು.

ಸುಳ್ಳು ಹೇಳುತ್ತಿದ್ದೇನೆ ಎಂದು ಫೋಟೋ ಅಕ್ಕನಿಗೆ ಒಂದು ದಿನವೂ ಅನಿಸಿರಲಿಲ್ಲ. ಊಟಕ್ಕೆ ಬಂದ ನೆಂಟರು ಅಡುಗೆ ಹೇಗಿದೆ ಎಂದು ನಾವು ಕೇಳದಿದ್ದರೂ ಚೆನ್ನಾಗಿದೆ ಎಂದು ತಾವೇ ಹೇಳುವುದಿಲ್ಲವೇ, ಹಾಗೆ. ಕೇಳುವವರಿಗೂ ಉತ್ತರ ಮೊದಲೇ ಗೊತ್ತಿರುತ್ತಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಅವರು. ಕರುವಿನ ಬಣ್ಣ ಯಾವುದು ಎಂದಷ್ಟೇ ಬರೆದುಕೊಳ್ಳುತ್ತಿದ್ದರು.

ಶಾಸ್ತ್ರ ಕೈಕೊಟ್ಟದ್ದು ಒಂದು ಬುಧವಾರ. ಬಿಳಿ ಗಾಡಿಯಿಂದ ಇಳಿದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಕೈಯಲ್ಲಿ ಕಾಗದವಿಲ್ಲ, ಪೆನ್ನಿಲ್ಲ, ತಟ್ಟೆಯಗಲದ ಟ್ಯಾಬು. ಮುಖದ ತುಂಬ ನಗು. ಇಳಿದವಳೇ ನಲ್ಲಿಯದೊಂದು ಫೋಟೋ ಹೊಡೆದಳು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ, ಆದರೆ ಹನ್ನೆರಡು ವರ್ಷ ತಪ್ಪದ ಲೆಕ್ಕಾಚಾರ ಯಾರನ್ನು ಪರಾಂಬರಿಸಲು ಬಿಡುತ್ತದೆ? "ಆಮೇಲಿನವರು. ಕೆಮ್ಬೇಡಿ," ಎಂದು ಒಳಗೆ ಪಿಸುಗುಟ್ಟಿ, ಒಳ್ಳೆಯ ಬಟ್ಟೆ ಉಟ್ಟು ಹೊರಬಂದಳು. ಮೊದಲಿನವರೂ ಈಗ ಕಾಗದ ಬಿಟ್ಟಿದ್ದಾರೆ, ಅವರಿಗೂ ಎರಡು ದಿನ ನಗುವ ತರಬೇತಿ ಕೊಟ್ಟು ಕಳಿಸುತ್ತಾರೆ ಎಂಬ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ.

"ನೀರಿಗೇನು ಮಾಡ್ತೀರಾ ಅಕ್ಕಾ?" ಹುಡುಗಿ ಕೇಳಿದಳು.

ಫೋಟೋ ಅಕ್ಕ ನಲ್ಲಿ ತಿರುಗಿಸಿದಳು. ನೀರು ಬಂತು. ಹುಡುಗಿಯ ಕಣ್ಣರಳಿತು, ಟ್ಯಾಬು ಎತ್ತಿ ವಿಡಿಯೋ ಮಾಡತೊಡಗಿದಳು. ಫೋಟೋ ಅಕ್ಕ ಮನಸ್ಸಿನಲ್ಲೇ ಎಣಿಸುತ್ತ ಬೊಗಸೆ ತುಂಬಿ ಮುಖಕ್ಕೆ ಎರಚಿಕೊಂಡು, ಇಪ್ಪತ್ತೇಳಕ್ಕೆ ಸರಿಯಾಗಿ, ನೀರು ಪೋಲು ಮಾಡಬಾರದು ಎಂಬ ಮುಖ ಮಾಡಿ ನಲ್ಲಿ ನಿಲ್ಲಿಸಿದಳು.

"ದಿನಕ್ಕೆ ಎಷ್ಟು ಗಂಟೆ ಬರುತ್ತೆ?"

"ಗಂಟೆ ಏನ್ ಬಂತು ಮೇಡಂ, ಯಾವಾಗ ತಿರುಗಿಸಿದ್ರೂ ಬರುತ್ತೆ."

"ಒಳಗಿನ ಮನೆಗಳಿಗೂ?"

"ಎಲ್ಲರ ಮನೇಲೂ ಇದೆ. ಬೇಕಾದ್ರೆ ಹೋಗಿ ನೋಡಿ."

ಹುಡುಗಿ ಬಚ್ಚಲ ನೀರಿನ ಕಲ್ಲುಗಳನ್ನು ನೋಡಿದಳು, ತನ್ನ ಬಿಳಿ ಬೂಟು ನೋಡಿಕೊಂಡಳು, ಬೇಡ ಎಂದಳು. "ಟ್ಯಾಂಕರ್ ಇನ್ನೂ ಬೇಕಾಗುತ್ತಾ ಅಕ್ಕಾ?"

ನಲ್ಲಿ ಕೊಟ್ಟವರ ಮುಂದೆ ಟ್ಯಾಂಕರಿನ ಹೆಸರೆತ್ತುವುದು ಮರ್ಯಾದೆಯಲ್ಲ. ಆದ್ದರಿಂದ ಫೋಟೋ ಅಕ್ಕ ತನ್ನ ಇಡೀ ವೃತ್ತಿಜೀವನದ ಅತ್ಯುತ್ತಮ ಮಾತನ್ನು ಆಡಿದಳು. "ನಮಗ್ಯಾಕೆ ಮೇಡಂ ಅದು? ನಮಗಿಂತ ಪಾಪದವರು ಇರ್ತಾರೆ, ಅವರಿಗೆ ಕೊಡಿ."

ಹುಡುಗಿಯ ಕಣ್ಣಲ್ಲಿ ನೀರಾಡಿತು. ಟ್ಯಾಬಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡಳು, ಕೈ ಹಿಡಿದು ಕುಲುಕಿದಳು. ಸೋಪಿನ ಡಬ್ಬಿ ಮಾತ್ರ ಕೊಡಲಿಲ್ಲ. ಗಾಡಿ ಹೋದ ಮೇಲೆ ಫೋಟೋ ಅಕ್ಕನಿಗೆ ಅದೊಂದು ಯಾಕೋ ಸರಿಕಾಣಲಿಲ್ಲ.

ಎರಡು ವಾರ ಕಳೆದು ಒಂದು ಮಂಗಳವಾರ ಟ್ಯಾಂಕರ್ ಬರಲಿಲ್ಲ. ಕೆಟ್ಟಿರಬೇಕು ಎಂದುಕೊಂಡರು. ಶುಕ್ರವಾರವೂ ಬರಲಿಲ್ಲ. ಕೊಡಗಳು ಸಾಲಾಗಿ ಬಿಸಿಲು ಕಾಯುತ್ತಿದ್ದಾಗ ಫೋಟೋ ಅಕ್ಕ, ಟೈಲರಮ್ಮ ಇಬ್ಬರೂ ದೊಡ್ಡ ರಸ್ತೆಗೆ ಹೋಗಿ ನಿಂತರು. ಟ್ಯಾಂಕರ್ ಬಂತು, ಇವರನ್ನು ನೋಡಿ ನಿಧಾನ ಮಾಡಿತು.

"ಏನಣ್ಣಾ, ನಮ್ಮ ಬೀದಿ ಮರೆತೇಬಿಟ್ಯಾ?" ಫೋಟೋ ಅಕ್ಕ ಕೇಳಿದಳು.

"ನಿಮ್ಮ ಬೀದಿ ಹಸಿರಾಯ್ತಲ್ಲ ಅಕ್ಕಾ!" ಡ್ರೈವರ್ ಖುಷಿಯಿಂದಲೇ ಹೇಳಿದ. ಟ್ಯಾಂಕರ್ ಕಳಿಸುವ ಕಚೇರಿಯ ನಕ್ಷೆಯಲ್ಲಿ ನೀರಿಲ್ಲದ ಬೀದಿ ಕೆಂಪು, ನೀರಿರುವ ಬೀದಿ ಹಸಿರು. ಯಾವ ಬೀದಿಗೆ ಟ್ಯಾಂಕರ್ ಉಳಿಸಬೇಕು, ಯಾವುದಕ್ಕೆ ನಿಲ್ಲಿಸಬೇಕು ಎಂದು ಹೊಸದಾಗಿ ನೋಡಿಕೊಂಡು ಹೋಗಿದ್ದರಂತೆ. "ನೀವೇ ಬೇಡ ಅಂದ್ರಂತಲ್ಲ? ಆಫೀಸಲ್ಲಿ ನಿಮ್ಮ ವಿಡಿಯೋ ತೋರಿಸಿದ್ರು. ಸಾಹೇಬ್ರು ಎದ್ದುನಿಂತು ಚಪ್ಪಾಳೆ ಹೊಡೆದ್ರು."

ಟೈಲರಮ್ಮ ಫೋಟೋ ಅಕ್ಕನ ಮುಖವನ್ನೇ ನೋಡಿದಳು. ಅವಳು ಜಗಳಕ್ಕೆ ನಿಂತರೆ ಮೂರು ಮನೆ ಆಚೆಗೂ ಕೇಳಿಸುತ್ತಿತ್ತು. ಆವತ್ತು ಮಾತ್ರ ಅವಳು ದನಿ ಎತ್ತಲಿಲ್ಲ. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು," ಎಂದಷ್ಟೇ ಹೇಳಿ ಮನೆಗೆ ನಡೆದಳು. ಸಂಜೆಯೊಳಗೆ ಬೀದಿಯಲ್ಲಿ ಯಾರೂ ಫೋಟೋ ಅಕ್ಕನ ಜತೆ ಮಾತಾಡದಂತಾಯಿತು. ಅವಳಿಗದು ಬೈಗುಳಕ್ಕಿಂತ ಹೆಚ್ಚು ಉರಿಯಿತು. ನಲವತ್ತೊಂದು ಮನೆಯ ನೀರನ್ನು ತಾನೊಬ್ಬಳೇ ನಾಲಿಗೆಯಲ್ಲಿ ಕುಡಿದುಬಿಟ್ಟೆ ಎಂದು ಅತ್ತೆಯ ಮುಂದೆ ಹೇಳಿಕೊಂಡು ಅತ್ತಳು. ಅತ್ತೆ, "ಯಾರೂ ಬಂದಿಲ್ವಲ್ಲೇ, ಯಾರ ಮುಂದೆ ಅಳ್ತಿದ್ದೀಯ?" ಎಂದಳು.

ಸೋಮವಾರ ಅವಳು ಕಚೇರಿಗೆ ಹೋದಳು. ಎರಡು ಗಂಟೆ ಬೆಂಚಿನ ಮೇಲೆ ಕಾದು ಒಳಗೆ ಹೋದರೆ ಸಾಹೇಬರು ಎದ್ದು ಕೈಮುಗಿದರು. ಅವಳನ್ನು ಅವರು ಗುರುತಿಸಿದ್ದರು.

"ಸಾರ್, ನಲ್ಲೀಲಿ ನೀರಿಲ್ಲ. ಯಾವತ್ತೂ ಬಂದಿಲ್ಲ. ಟ್ಯಾಂಕರ್ ಕಳಿಸಿ ಸಾರ್."

ಸಾಹೇಬರು ಕಂಪ್ಯೂಟರಿನ ಮುಖ ಅವಳ ಕಡೆ ತಿರುಗಿಸಿದರು. ಅದರಲ್ಲಿ ಅವಳು ಬೊಗಸೆ ತುಂಬ ನೀರು ಎರಚಿಕೊಂಡು ನಗುತ್ತಿದ್ದಳು. "ಇದು ನೀವೇ ಅಲ್ವೇನಮ್ಮಾ?"

"ನಾನೇ ಸಾರ್. ಆದ್ರೆ ಅದು ನಾಟಕ."

"ಹಾಗಾದ್ರೆ ಈಗ ಮಾಡ್ತಿರೋದು?"

ಅವಳ ಕಣ್ಣಲ್ಲಿ ದಳದಳ ನೀರಿಳಿಯಿತು. ಆದರೆ ಆ ಕಣ್ಣೀರನ್ನು ಈ ಕಚೇರಿಯವರು ನಾಲ್ಕು ಸಲ ನೋಡಿದ್ದರು. ಅದರ ಬಣ್ಣದ ಫೋಟೋ ಒಂದು ಕ್ಯಾಲೆಂಡರಿನಲ್ಲೂ ಬಂದಿತ್ತು. ಸಾಹೇಬರು ಕೆಟ್ಟವರಲ್ಲ. ನೀರು ತರಿಸಿ ಕೊಟ್ಟರು, ಬಾಟಲಿಯದು. ನಿಯಮ ಬಿಡಿಸಿ ಹೇಳಿದರು. ಹಸಿರು ಬೀದಿಯನ್ನು ಕೆಂಪು ಮಾಡುವ ಅಧಿಕಾರ ಅವರಿಗಿಲ್ಲ, ಮುಂದಿನ ಸಮೀಕ್ಷೆ ಮೂರು ವರ್ಷಕ್ಕೆ. "ತುರ್ತು ಅಂತ ಬಂದ್ರೆ ಬೇರೆ ಮಾತು. ಒಂದೇ ಬೀದಿಯಿಂದ ಒಂದು ವಾರದೊಳಗೆ ಐದು ಜನ ವಾಂತಿಭೇದಿ ಅಂತ ಸರ್ಕಾರಿ ಆಸ್ಪತ್ರೆಗೆ ಸೇರಿದ್ರೆ ಮಾರನೇ ದಿನವೇ ಟ್ಯಾಂಕರ್ ಬಿಡ್ಬಹುದು. ವಾರ ದಾಟಿದ್ರೆ ಎಣಿಕೆ ಮತ್ತೆ ಒಂದರಿಂದ."

"ಐದು ಜನ ಬೀಳೋ ಮುಂಚೆ ಬಿಡೋಕಾಗಲ್ವಾ ಸಾರ್?"

"ಮುಂಚೆ ಅಂದ್ರೆ ಅದು ತುರ್ತು ಹೇಗಾಗುತ್ತಮ್ಮಾ?" ಎಂದರು ಸಾಹೇಬರು, ನಿಜವಾಗಿಯೂ ಬೇಜಾರಿನಿಂದ.

ಬೀದಿಯವರು ಕಾಲುವೆಯ ದಂಡೆಯ ಮರಳಲ್ಲಿ ಒರತೆ ತೋಡಿದರು. ನೀರು ತಿಳಿಯಾಗಿ ಕಂಡರೂ ಒಂದು ತೆರನ ಕಹಿಯಿತ್ತು. ಮೇಲ್ಗಡೆ ಎಮ್ಮೆಗಳೂ ಮಲಗುತ್ತಿದ್ದವು. ಸೌದೆ ಇದ್ದವರು ಕಾಯಿಸಿದರು, ಇಲ್ಲದವರು ಬಟ್ಟೆಯಲ್ಲಿ ಸೋಸಿದರು. ಸೋಸುವ ಡಬ್ಬಿಗಳು ಬೇಕಾದರೆ ಒಯ್ಯಿರಿ ಎಂದು ಫೋಟೋ ಅಕ್ಕ ಹೊರಗಿಟ್ಟಳು, ಯಾರೂ ಮುಟ್ಟಲಿಲ್ಲ. ಒರತೆಯ ನೀರಿನಲ್ಲಿ ಒಗೆದ ಹೊದಿಕೆಗಳು ತೆಳುನೀಲಿಗೆ ತಿರುಗಿದವು. ವಸತಿಗೃಹದ ಮ್ಯಾನೇಜರ್ ಅವನ್ನು ಬೆಳಕಿಗೆ ಹಿಡಿದು, ಆಕಾಶ ಹೊದ್ದು ಮಲಗುವ ಗಿರಾಕಿಗಳು ತನ್ನಲ್ಲಿ ಇಲ್ಲ ಎಂದು ಹೇಳಿ, ಕೆಲಸವನ್ನು ಬೇರೆಯವರಿಗೆ ಕೊಟ್ಟ.

ಶನಿವಾರ ಬೀದಿಯ ಒಬ್ಬ ಗಾರೆ ಕೆಲಸದವನು ಆಸ್ಪತ್ರೆ ಸೇರಿದ. ಭಾನುವಾರ ಅವನ ತಂಗಿ. ಸೋಮವಾರ ಚಹಾ ಅಂಗಡಿಯವನು. ಮಂಗಳವಾರ ಬೆಳಿಗ್ಗೆ ಅತ್ತೆ. ಸೌದೆ ಮುಗಿದಿದ್ದ ಒಂದೇ ಒಂದು ದಿನ, ಸೊಸೆ ಹೊರಗೆ ಹೋದ ಹೊತ್ತಿಗೆ, ಮುದುಕಿ ಕಾಯಿಸದ ನೀರು ಕುಡಿದಿದ್ದಳು. ಫೋಟೋ ಅಕ್ಕ ಅವಳನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹೋಗಿ ಸೇರಿಸಿದಳು. ಕೈಗೆ ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದ ಮೇಲೆ ಮುದುಕಿ ಕಣ್ಣು ಬಿಟ್ಟು ಕೇಳಿದ್ದು ಒಂದೇ ಮಾತು. "ನಾನು ಎಷ್ಟನೆಯವಳೇ?"

"ನಾಲ್ಕು."

"ಥೂ, ಒಂದು ಕಮ್ಮಿ," ಎಂದು ಮುದುಕಿ ಗೋಡೆಯ ಕಡೆ ತಿರುಗಿದಳು.

ಬುಧವಾರ ಫೋಟೋ ಅಕ್ಕ ಬಾಗಿಲಲ್ಲಿ ಕೂತು ಬೀದಿ ನೋಡಿದಳು. ಶುಕ್ರವಾರ ಕಳೆದರೆ ವಾರ ಮುಗಿಯುತ್ತದೆ, ನಾಲ್ಕು ಜನರ ನರಳಾಟ ನೀರುಪಾಲಾಗುತ್ತದೆ. ಯಾರಾದರೂ ಹೊಟ್ಟೆ ಹಿಡಿದುಕೊಂಡು ಹೊರಬರುತ್ತಾರೋ ಎಂದು ಅವಳು ಕಾಯುತ್ತಿದ್ದಳು. ಟೈಲರಮ್ಮ ಬೆಳಿಗ್ಗೆ ಮಾಮೂಲಿನಂತೆ ಹೊಲಿಗೆ ಯಂತ್ರ ತುಳಿಯುತ್ತಿದ್ದದ್ದು ಕೇಳಿ ನಿರಾಸೆಯಾಯಿತು. ನಿರಾಸೆಯಾದದ್ದು ಗೊತ್ತಾದೊಡನೆ ಅವಳಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಹನ್ನೆರಡು ವರ್ಷ ಅವರಿವರಿಗೆ ಬೇಕಾದ ಮುಖ ಮಾಡಿ ಮಾಡಿ ತಾನು ಎಂಥವಳಾಗಿಬಿಟ್ಟೆ ಎನಿಸಿತು. ಎದ್ದು ಚೊಂಬು ತೆಗೆದುಕೊಂಡು ಹಿಂದಿನ ಬಾಗಿಲಿನಿಂದ ಕಾಲುವೆಗೆ ಹೋದಳು. ಒರತೆಯ ನೀರೂ ಬೇಡವೆಂದು, ಎಮ್ಮೆ ಎದ್ದುಹೋದ ಜಾಗದಲ್ಲಿ ತುಂಬಿ, ನಿಂತಲ್ಲೇ ಎರಡು ಚೊಂಬು ಕುಡಿದಳು. ಯಾರೂ ನೋಡಲಿಲ್ಲ.

ಗುರುವಾರ ಮಧ್ಯಾಹ್ನ ಅವಳು ಅತ್ತೆಯ ಪಕ್ಕದ ಹಾಸಿಗೆಯಲ್ಲಿದ್ದಳು. ನರ್ಸಮ್ಮ ಫಾರಂ ತುಂಬಲು ಬಂದಳು. "ಯಾವ ನೀರು ಕುಡಿದ್ರಿ?"

"ಕಾಲುವೇದು."

"ಮನೇಲಿ ನಲ್ಲಿ ಇಟ್ಕೊಂಡು ಕಾಲುವೆ ನೀರು ಕುಡೀತೀರಲ್ಲ, ನಿಮಗೆಲ್ಲ ಎಷ್ಟು ಹೇಳಿದ್ರೂ ಅಷ್ಟೇ," ಎಂದು ಗದರಿಸಿ, ಕಾರಣ ಎಂಬ ಜಾಗದಲ್ಲಿ ಅರಿವಿನ ಕೊರತೆ ಎಂದು ಬರೆದಳು. ಪಕ್ಕದಲ್ಲಿ ಐದು ಎಂಬ ಅಂಕಿ ಹಾಕಿ ಅದರ ಸುತ್ತ ಒಂದು ಸುತ್ತು ಎಳೆದಳು. ಫೋಟೋ ಅಕ್ಕನಿಗೆ ಆ ನೋವಿನಲ್ಲೂ ಸಮಾಧಾನವಾಯಿತು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಟ್ಯಾಂಕರ್ ಬೀದಿಗೆ ಬಂತು. ಆ ಸುದ್ದಿ ತಂದವಳು ಟೈಲರಮ್ಮ. ಎರಡು ವಾರ ಮಾತು ಬಿಟ್ಟಿದ್ದವಳು ಹತ್ತು ಗಂಟೆಗೆ ವಾರ್ಡಿನೊಳಗೆ ಬಂದು, ಚೀಲದಿಂದ ಒಂದು ಬಾಟಲಿ ನೀರು ತೆಗೆದು ಹಾಸಿಗೆಯ ಪಕ್ಕ ಇಟ್ಟು, ಸ್ಟೂಲಿನ ಮೇಲೆ ಕೂತಳು. "ಟ್ಯಾಂಕರಿಂದು. ಕಾಯಿಸಿದೀನಿ," ಎಂದಳು.

ಫೋಟೋ ಅಕ್ಕ ಕುಡಿದಳು. ಟೈಲರಮ್ಮ ಅವಳನ್ನೇ ನೋಡುತ್ತಿದ್ದಳು.

"ನೀನು ಕಾಯಿಸದೆ ಕುಡಿಯೋಳಲ್ಲ. ನಿನಗೆ ಹೇಗೆ ಬಂತು?"

"ಇನ್ನೊಬ್ಬರು ಬೇಕಿತ್ತಲ್ಲ," ಎಂದಳು ಫೋಟೋ ಅಕ್ಕ.

ಟೈಲರಮ್ಮ ತಲೆ ತಗ್ಗಿಸಿ ಉಗುರಿಗಂಟಿದ ದಾರದ ಎಳೆಯೊಂದನ್ನು ಬಿಡಿಸುತ್ತ ಕೂತಳು. ಆಮೇಲೆ, "ನಾನು ಬುಧವಾರ ಬೆಳಕು ಹರಿಯೋ ಹೊತ್ತಿಗೇ ಹೋಗಿ ಕುಡಿದೆ ಕಣೇ, ಒಂದು ಚೊಂಬು ತುಂಬ," ಎಂದಳು. "ಬೆಳಗಿನಿಂದ ಸಂಜೆವರೆಗೂ ಯಂತ್ರ ತುಳೀತಾ ಕಾದೆ. ಏನೂ ಆಗ್ಲಿಲ್ಲ."

"ಕಬ್ಬಿಣದ ಹೊಟ್ಟೆ," ಎಂದಳು ಅತ್ತೆ ಪಕ್ಕದ ಹಾಸಿಗೆಯಿಂದ.

"ನಾನೊಬ್ಬಳೇ ಅಲ್ಲ ಅಜ್ಜಿ. ನಾನು ಹೋದಾಗ ಕೊನೇ ಮನೆ ತಾತ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ, ಕೈಯಲ್ಲಿ ಲೋಟ. ನನ್ನ ನೋಡಿದ್ದೇ ಲೋಟ ಮುಚ್ಚಿಟ್ಟು ಮುಖ ತೊಳೆಯೋಕೆ ಶುರು ಮಾಡ್ದ." ಟೈಲರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವನು ಹೋಗೋವರೆಗೂ ನಾನೂ ಮುಖ ತೊಳೀತಾನೇ ಇದ್ದೆ."